ಗಾಳಿ ಕಟ್ಟಿದ ಕಾಳು

ವಿದ್ಯಾರ್ಥಿನಿ: ಮೇಷ್ಟ್ರೆ, ಹಿಂದಿನವರು ಕಾಳುಕಡ್ಡಿಯನ್ನು ಹುಳದಿಂದ ಹೇಗೆ ಕಾಪಾಡುತ್ತಿದ್ದರು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಬಜೆ ಬೇರು. ಕೀಟಶಾಸ್ತ್ರ ಓದುವ ನನಗೆ ಈ ಉತ್ತರ ಸಾಲುವುದಿಲ್ಲ. ಬೇವಿನಲ್ಲಿ ಕೀಟವನ್ನು ತಡೆಯುವ ಅಜಾಡಿರಾಕ್ಟಿನ್ ಹೆಚ್ಚಾಗಿರುವುದು ಬೀಜದಲ್ಲಿ. ಎಲೆಯಲ್ಲಿ ಬಹಳ ಕಡಿಮೆ. ಒಣಗಿದ ಎಲೆಯನ್ನು ಚೀಲದ ಜೋಳಕ್ಕೆ ಬೆರೆಸಿಟ್ಟರೆ ಹುಳ ಮೊದಮೊದಲು ಹಿಂಜರಿಯಬಹುದು, ಆಮೇಲೆ ಅದರ ಪಾಡಿಗೆ ಅದು ಹೆಚ್ಚುತ್ತಾ ಹೋಗುತ್ತದೆ. ಒಂದು ಹೆಣ್ಣು ಮೂತಿಹುಳ ತನ್ನ ಬಾಳಿನಲ್ಲಿ 300ರಷ್ಟು ಮೊಟ್ಟೆ ಇಡಬಲ್ಲದು. ನಮ್ಮ ಸೆಕೆಯಲ್ಲಿ ಮೊಟ್ಟೆಯೊಂದು ಬೆಳೆದು ಹುಳವಾಗಲು ಒಂದು ತಿಂಗಳು ಸಾಕು. ಇಂಥ ವೇಗದೆದುರು ಒಂದು ಹಿಡಿ ಸೊಪ್ಪು ಏನು ಮಾಡೀತು? ಆದ್ದರಿಂದ ನನ್ನ ಅನುಮಾನವನ್ನು ನೇರವಾಗಿಯೇ ಹೇಳುತ್ತೇನೆ. ಆಗಿನ ರೈತರ ಬಳಿ ನಿಜವಾದ ರಕ್ಷಣೆ ಇರಲಿಲ್ಲ. ಹುಳ ತಿಂದು ಬಿಟ್ಟದ್ದನ್ನು ಅವರು ಉಂಡರು, ಸೊಪ್ಪು ಬರೀ ಮನಸ್ಸಿನ ಸಮಾಧಾನಕ್ಕಿತ್ತು.

ಮೇಷ್ಟ್ರು: ಸೊಪ್ಪಿನ ಬಗ್ಗೆ ನೀನು ಹೇಳಿದ್ದನ್ನು ಸದ್ಯಕ್ಕೆ ಒಪ್ಪಿಕೊಳ್ಳುತ್ತೇನಮ್ಮ. ಆದರೆ ಅದರಿಂದ ನೀನು ಹೊರಟು ಮುಟ್ಟಿದ ತೀರ್ಮಾನ ಒಪ್ಪುವಂಥದ್ದಲ್ಲ. ಸೊಪ್ಪು ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ, ಹೇಳುವುದಕ್ಕೂ ಸುಲಭ. ಅದಕ್ಕೇ ನೆನಪಿನಲ್ಲಿ ಅದೊಂದೇ ಉಳಿದಿದೆ. ರಕ್ಷಣೆಯ ಬಹುಪಾಲು ನಡೆದದ್ದು ಸೊಪ್ಪಿಗಿಂತ ಮೊದಲು, ಕಾಳನ್ನು ಎಲ್ಲಿ ಇಡಬೇಕು, ಯಾವ ರೂಪದಲ್ಲಿ ಇಡಬೇಕು ಎಂದು ನಿರ್ಧರಿಸುವಾಗ. ಕಾಳು ಹೂಳಿಡುವ ನಮ್ಮ ನೆಲಗುಂಡಿ, ಹಗೇವನ್ನೇ ತೆಗೆದುಕೊ. ಎತ್ತರದ, ನೀರು ನಿಲ್ಲದ ಗಟ್ಟಿ ನೆಲದಲ್ಲಿ ಅದನ್ನು ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಹೊಸದಾಗಿ ತೋಡಿದ್ದರೆ ಒಳಗೆ ಬೆಂಕಿ ಹಾಕಿ ಗೋಡೆಯ ತೇವವನ್ನು ಹಿಂಗಿಸುತ್ತಿದ್ದರು. ತಳಕ್ಕೂ ಸುತ್ತಲಿಗೂ ಒಣಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ಕಾಳನ್ನು ಕತ್ತಿನವರೆಗೆ ತುಂಬಿ, ಮೇಲೆ ಮತ್ತೆ ಹುಲ್ಲು ಒತ್ತಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಇಂಥ ಹಗೇವುಗಳನ್ನೂ ಅವುಗಳಲ್ಲಿ ರಾಗಿ ಇಡುವ ಕ್ರಮವನ್ನೂ ಬರೆದಿಟ್ಟಿದ್ದಾನೆ. ಅವನ ಪ್ರವಾಸದ ಸಂಪುಟಗಳು 1807ರಲ್ಲಿ ಅಚ್ಚಾದವು. ಈ ಇಡೀ ಕೆಲಸದಲ್ಲಿ ಕೀಟಕ್ಕೆ ವಿಷ ಎನ್ನುವಂಥದ್ದು ಏನಾದರೂ ಇದೆಯೇ ನೋಡು. ಇಲ್ಲ. ಇರುವುದು ಮೂರೇ ಕೆಲಸ: ಒಣಗಿಸುವುದು, ಕಿಕ್ಕಿರಿದು ತುಂಬುವುದು, ಮುಚ್ಚುವುದು.

ವಿದ್ಯಾರ್ಥಿನಿ: ಮುಚ್ಚಿದರೆ ಹೊರಗಿನ ಹುಳ ಬರುವುದಿಲ್ಲ, ಸರಿ. ಆದರೆ ಹೊಲದಿಂದ, ಕಣದಿಂದ ಕಾಳಿನೊಳಗೇ ಕೂತು ಬಂದ ಹುಳದ ಕಥೆ ಏನು? ಮೂತಿಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು, ತೂತನ್ನು ಅಂಟಿನಿಂದ ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳು ಚೊಕ್ಕಟ. ಅಂಥ ಕಾಳು ನೂರು ಹಗೇವಿಗೆ ಇಳಿದರೂ ಸಾಕಲ್ಲ, ಒಳಗೇ ಸಂತೆ ನೆರೆಯುತ್ತದೆ.

ಮೇಷ್ಟ್ರು: ನೆರೆಯಲು ಉಸಿರು ಬೇಕಲ್ಲ. ಮುಚ್ಚಿದ ಹಗೇವಿನೊಳಗೆ ಕಾಳೂ ಉಸಿರಾಡುತ್ತದೆ, ಗೋಡೆಯ ಹತ್ತಿರ ತೇವ ಹೀರಿದ ಕಾಳು ಇನ್ನೂ ಜೋರಾಗಿ, ಬೂಷ್ಟು ಅದಕ್ಕಿಂತ ಜೋರಾಗಿ. ಹುಳವಂತೂ ಸರಿಯೇ ಸರಿ. ಎಲ್ಲ ಸೇರಿ ಕಾಳಿನ ಸಂದಿಯಲ್ಲಿದ್ದ ಆಮ್ಲಜನಕವನ್ನು ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಆಮ್ಲಜನಕ ಶೇಕಡ 3ಕ್ಕಿಂತ ಕೆಳಗಿಳಿದು ಕೆಲವು ವಾರ ಹಾಗೇ ನಿಂತರೆ ದಾಸ್ತಾನಿನ ಕೀಟಗಳು ಬದುಕುವುದಿಲ್ಲ ಎನ್ನುವುದನ್ನು ನಿನ್ನ ಶಾಸ್ತ್ರವೇ ಹೇಳುತ್ತದೆ. ಹುಳ ಹೆಚ್ಚಿದ್ದಷ್ಟೂ ಗಾಳಿ ಬೇಗ ಮುಗಿಯುತ್ತದೆ. ಅದರ ಸಂಖ್ಯೆಯೇ ಅದಕ್ಕೆ ಮುಳುವು. 1970ರ ದಶಕದಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ವಜ್ಞ ದಕ್ಷಿಣ ಇಂಗ್ಲೆಂಡಿನ ಬಟ್ಸರ್‌ನಲ್ಲಿ ಕಬ್ಬಿಣ ಯುಗದ ಕಾಳುಗುಳಿಗಳ ಮಾದರಿಯಲ್ಲೇ ಗುಳಿ ತೋಡಿ, ಕಾಳು ತುಂಬಿ, ಅನಿಲವನ್ನು ಅಳೆದು ಇದನ್ನು ಪರೀಕ್ಷಿಸಿದರು. ಅಂಚಿನ ಕಾಳು ಮೊಳೆತು ಗಾಳಿಯನ್ನು ಮುಗಿಸಿತು, ಒಳಗಿನ ರಾಶಿ ಚೆನ್ನಾಗಿ ಉಳಿಯಿತು. ನಮ್ಮಲ್ಲಿ ಇದಕ್ಕೆ ಅಳತೆಯ ಉಪಕರಣ ಬೇಕಿರಲಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು, ಗಾಳಿಯಾಡಲು ಬಿಡಬೇಕು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡಬೇಕು, ದೀಪ ಆರಿದರೆ ಇನ್ನೂ ಕಾಯಬೇಕು ಎನ್ನುವುದು ಹಗೇವಿದ್ದ ಊರುಗಳ ಕಟ್ಟುನಿಟ್ಟು. ಇದನ್ನು ಮರೆತು ಇಳಿದವರು ಉಸಿರುಗಟ್ಟಿ ಸತ್ತಿದ್ದಾರೆ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ದೀಪ ಆರಬೇಕಾದರೆ ಆಮ್ಲಜನಕ ಶೇಕಡ 16ರ ಸುತ್ತಿಗಾದರೂ ಇಳಿದಿರಬೇಕು. ಮನುಷ್ಯ ಕುಸಿದು ಬೀಳಬೇಕಾದರೆ ಅದಕ್ಕಿಂತಲೂ ಬಹಳ ಕೆಳಗೆ ಹೋಗಿರಬೇಕು, ಇಲ್ಲವೆ ಇಂಗಾಲದ ಡೈಆಕ್ಸೈಡ್ ವಿಪರೀತ ತುಂಬಿರಬೇಕು. ಮನುಷ್ಯನನ್ನೇ ಕೆಡವುವ ಗಾಳಿಯಲ್ಲಿ ಮೂತಿಹುಳ ಸಂತೆ ನೆರೆಸಲಾರದು. ಹಗೇವು ಕೆಲಸ ಮಾಡುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷಿ ನನಗೆ ಗೊತ್ತಿಲ್ಲ.

ವಿದ್ಯಾರ್ಥಿನಿ: ಒಂದು ಬಲವಾದ ಆಕ್ಷೇಪ ಇದೆ. ಬುಕಾನನ್ ನೋಡಿದ್ದು ರಾಗಿಯ ಹಗೇವು. ರಾಗಿಗೆ ಹಗೇವೇ ಬೇಕಿಲ್ಲವಲ್ಲ! ಮೂತಿಹುಳದ ಮರಿ ಹುಟ್ಟಿದ ಕಾಳಿನೊಳಗೇ ಬೆಳೆದು ದೊಡ್ಡದಾಗಬೇಕು. ಬೆಳೆದ ಹುಳದ ಉದ್ದವೇ 3 ಮಿಲಿಮೀಟರ್ ಹತ್ತಿರ. ರಾಗಿ ಕಾಳಿನ ಅಡ್ಡಳತೆ ಅದರ ಅರ್ಧ. ಅಷ್ಟು ಸಣ್ಣ ಕೋಣೆಯಲ್ಲಿ ಆ ಮರಿ ಬೆಳೆಯಲಾರದು. ರಾಗಿ ವರ್ಷಗಟ್ಟಲೆ ಉಳಿದರೆ ಆ ಹೆಗ್ಗಳಿಕೆ ಕಾಳಿನದು, ಗುಂಡಿಯದಲ್ಲ. ನೀವು ಕಾಳಿನ ಗುಣವನ್ನು ಗುಂಡಿಯ ಲೆಕ್ಕಕ್ಕೆ ಬರೆಯುತ್ತಿದ್ದೀರಿ.

ಮೇಷ್ಟ್ರು: ಇದು ಸರಿಯಾದ ಆಕ್ಷೇಪ. ರಾಗಿ ಒಂದನ್ನೇ ಇಟ್ಟುಕೊಂಡು ವಾದಿಸಿದರೆ ಹಗೇವಿನ ಶಕ್ತಿ ಸಾಬೀತಾಗುವುದಿಲ್ಲ, ಏಕೆಂದರೆ ಎರಡು ಕಾರಣಗಳು ಒಂದರಲ್ಲೊಂದು ಬೆರೆತುಹೋಗಿವೆ. ಬೇರ್ಪಡಿಸಬೇಕಾದರೆ ಹುಳ ಇಷ್ಟಪಡುವ ಕಾಳನ್ನು ಹಗೇವಿನಲ್ಲಿ ಇಟ್ಟವರನ್ನು ನೋಡಬೇಕು. ಅದಕ್ಕೆ ತುಂಗಭದ್ರೆ ದಾಟಿ ಬಡಗಲಿಗೆ ಹೋಗೋಣ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಹಗೇವುಗಳಲ್ಲಿ ತುಂಬುತ್ತಿದ್ದದ್ದು ಜೋಳ. ಜೋಳದ ಕಾಳು ದಪ್ಪ, ತೊಗಟೆಯ ಕಾವಲಿಲ್ಲ, ಮೂತಿಹುಳಕ್ಕೆ ಬಲು ಪ್ರಿಯ. ಚೀಲದಲ್ಲಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಹಿಟ್ಟು ಉದುರಿಸುತ್ತದೆ. ಅಂಥ ಜೋಳವನ್ನೂ ಹಗೇವಿನಲ್ಲಿ ವರ್ಷದಾಚೆಗೆ ಇಟ್ಟುಕೊಂಡರು. ದೂರದ ಸಾಕ್ಷಿಯೂ ಇದೆ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಲೇಖಕ ವ್ಯಾರೋ ತನ್ನ ಕೃಷಿ ಗ್ರಂಥದಲ್ಲಿ ಕಪ್ಪಡೋಸಿಯ, ಥ್ರೇಸ್ ಸೀಮೆಗಳ ನೆಲಗುಳಿಗಳನ್ನು ವಿವರಿಸಿ, ಗಾಳಿ ಸೋಕದಿದ್ದರೆ ಗೋಧಿ 50 ವರ್ಷ, ಸಣ್ಣಕಾಳು ನೂರಕ್ಕೂ ಹೆಚ್ಚು ವರ್ಷ ಇರುತ್ತದೆ ಎನ್ನುತ್ತಾನೆ. ಆ ವರ್ಷದ ಲೆಕ್ಕವನ್ನು ನಾನು ಅಕ್ಷರಶಃ ನಂಬುವುದಿಲ್ಲ. ಆದರೆ ಗಾಳಿ ಸೋಕಬಾರದು ಎನ್ನುವ ಕಾರಣವನ್ನು ಅವನು ಹಿಡಿದದ್ದೂ, ಸಣ್ಣಕಾಳು ಗೋಧಿಗಿಂತ ಹೆಚ್ಚು ಬಾಳುತ್ತದೆ ಎಂದು ಬೇರೆಬೇರೆಯಾಗಿ ಹೇಳಿದ್ದೂ ಗಮನಿಸಬೇಕಾದ ಮಾತು. ನೀನು ಬೇರ್ಪಡಿಸು ಎಂದ ಎರಡು ಕಾರಣಗಳನ್ನೂ ಅವನು ಬೇರ್ಪಡಿಸಿಯೇ ಬರೆದಿದ್ದಾನೆ. ಇನ್ನೊಂದು ಮಾತು: ಬರಕ್ಕೆಂದು ಇಡುವ ಕಾಳಾಗಿ ರಾಗಿಯನ್ನು ಆರಿಸಿಕೊಂಡದ್ದೂ ರಕ್ಷಣೆಯ ಒಂದು ಉಪಾಯವೇ. ಕಾಳಿನ ಗುಣ ರೈತನ ಬುದ್ಧಿಯಲ್ಲ, ನಿಜ. ಆ ಗುಣವನ್ನು ಅರಿತು ಯಾವುದನ್ನು ಹೂಳಬೇಕು, ಯಾವುದನ್ನು ಬೇಗ ತಿಂದು ಮುಗಿಸಬೇಕು ಎಂದು ಗೊತ್ತು ಮಾಡಿದ್ದು ಅವನ ಬುದ್ಧಿ.

ವಿದ್ಯಾರ್ಥಿನಿ: ಹಗೇವಿನ ಜೋಳಕ್ಕೆ ಮುಗ್ಗಲು ವಾಸನೆ ಬರುತ್ತದೆ, ಬಣ್ಣ ಮಾಸುತ್ತದೆ, ಗೋಡೆಗೆ ತಾಗಿದ ಕಾಳು ಕಪ್ಪಾಗುತ್ತದೆ ಎನ್ನುತ್ತಾರೆ. ಹುಳದಿಂದ ಉಳಿಸಿ ಬೂಷ್ಟಿಗೆ ಕೊಟ್ಟಂತಾಯಿತಲ್ಲ? ಬೂಷ್ಟು ಕೆಲವೊಮ್ಮೆ ಹುಳಕ್ಕಿಂತ ಕೆಟ್ಟದ್ದು, ಅದರ ವಿಷ ಕಣ್ಣಿಗೂ ಕಾಣುವುದಿಲ್ಲ.

ಮೇಷ್ಟ್ರು: ಹೌದು, ಅದು ಹಗೇವಿನ ನಿಜವಾದ ದೋಷ; ಅದನ್ನು ಮರೆಮಾಚಿ ಹಗೇವನ್ನು ಹೊಗಳುವುದು ತಪ್ಪು. ಕೆಟ್ಟ ಅಂಚನ್ನು ಬೇರೆ ಮಾಡಿ ದನಕ್ಕೆ ಹಾಕುತ್ತಿದ್ದರು. ದನಕ್ಕೂ ಅದು ಒಳ್ಳೆಯದಲ್ಲ ಎಂದು ಇವತ್ತು ನೀನು ಹೇಳುತ್ತೀಯ, ಅದೂ ಸರಿ. ಆದರೆ ಈ ದೋಷವನ್ನು ಅವರು ಬಲ್ಲವರಾಗಿದ್ದರು ಎನ್ನುವುದಕ್ಕೆ ಗುರುತು ಇದೆ: ಬಿತ್ತನೆ ಬೀಜವನ್ನು ಹಗೇವಿಗೆ ಹಾಕುತ್ತಿರಲಿಲ್ಲ. ನಮ್ಮ ನೆಲದ ಬಿಸಿಯಲ್ಲಿ, ಗೋಡೆಯ ತೇವದಲ್ಲಿ ಗಾಳಿಯಿಲ್ಲದೆ ಕೂತ ಕಾಳು ಊಟಕ್ಕೆ ಬಂದರೂ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ರೆನಾಲ್ಡ್ಸ್ ಇಟ್ಟ ಕಾಳು ಇಂಗ್ಲೆಂಡಿನ ಚಳಿಯಲ್ಲಿ ಬಿತ್ತನೆಗೂ ಆಗುವಂತೆ ಉಳಿದಿತ್ತು, ಇಲ್ಲಿ ಆ ಚಳಿ ಇಲ್ಲ. ಹಾಗಾಗಿ ಬೀಜಕ್ಕೆ ಬೇರೆಯದೇ ದಾರಿ. ತೆನೆಯನ್ನು ಆರಿಸಿ ಒಲೆಯ ಹೊಗೆ ತಾಗುವ ಕಡೆ ತೂಗುಹಾಕುವುದು, ಒಣಗಿದ ಸೋರೆ ಬುರುಡೆಯಲ್ಲಿ ಬೂದಿಯೊಡನೆ ತುಂಬಿ ಬಿರಡೆ ಹಾಕುವುದು. ಒಂದೇ ಮನೆ ಒಂದೇ ಬೆಳೆಯನ್ನು ಎರಡು ರೀತಿ ಇಡುತ್ತಿತ್ತು ಎಂದಮೇಲೆ, ಪ್ರತಿಯೊಂದು ರೀತಿಯ ಲಾಭನಷ್ಟವನ್ನು ಅದು ತೂಗಿ ನೋಡಿತ್ತು ಎಂದೇ ಅರ್ಥ.

ವಿದ್ಯಾರ್ಥಿನಿ: ಬೇಳೆಕಾಳಿಗೆ ನಿಮ್ಮ ವಾದ ಹೊಂದುವುದಿಲ್ಲ ಅನಿಸುತ್ತದೆ. ತೊಗರಿ, ಅವರೆ, ಅಲಸಂದೆಯ ದುಂಬಿ ಹೊಲದಲ್ಲಿ ಕಾಯಿಯ ಮೇಲೇ ಮೊಟ್ಟೆಯಿಟ್ಟಿರುತ್ತದೆ. ಅದನ್ನು ಯಾರೂ ಹಗೇವಿನಲ್ಲಿ ಹೂಳುತ್ತಿರಲಿಲ್ಲ, ಮನೆಯೊಳಗೇ ಇಡುತ್ತಿದ್ದರು.

ಮೇಷ್ಟ್ರು: ಹೂಳುವಷ್ಟು ರಾಶಿ ಇರುತ್ತಿರಲಿಲ್ಲ. ಆದರೆ ಅಲ್ಲಿಯೂ ನಡೆದದ್ದು ಬೇರೆ ಏನೂ ಅಲ್ಲ, ಒಂದೊಂದು ಕಾಳನ್ನೂ ಮುಚ್ಚುವ ಕೆಲಸ. ತೊಗರಿಗೆ ಕೆಮ್ಮಣ್ಣು ಕಟ್ಟುವುದನ್ನು ನೋಡು. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಕಾಳಿಗೆಲ್ಲ ಹತ್ತುವಂತೆ ಉಜ್ಜಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸುತ್ತಾರೆ. ದುಂಬಿಯ ಮೊಟ್ಟೆ ಅಂಟಿಕೊಳ್ಳಲು ನುಣುಪಾದ ಸಿಪ್ಪೆ ಬೇಕು. ಅದು ಮಣ್ಣಿನ ಕೆಳಗೆ ಹೋಯಿತು. ಹರಳೆಣ್ಣೆ ಸವರುವುದರ ಕೆಲಸವೂ ಇದೇ: ಎಣ್ಣೆಯ ಪೊರೆ ಮೊಟ್ಟೆಯ ಉಸಿರನ್ನು ಕಟ್ಟುತ್ತದೆ. ಬೂದಿಯದು ಇನ್ನೊಂದು ಬಗೆ. ಕಾಳಿನ ಸಂದಿಯನ್ನೆಲ್ಲ ತುಂಬಿ ಹುಳ ಓಡಾಡದಂತೆ ಮಾಡುತ್ತದೆ, ಜೊತೆಗೆ ಹುಳದ ಮೈಮೇಲಿನ ಮೇಣದ ಪದರವನ್ನು ಕೆಡಿಸುತ್ತದೆ. ಮೇಣ ಹೋದರೆ ಮೈಯ ನೀರು ಆರಿಹೋಗಿ ಹುಳ ಒಣಗಿ ಸಾಯುತ್ತದೆ. 1940ರ ದಶಕದಲ್ಲಿ ವಿ.ಬಿ. ವಿಗಲ್ಸ್‌ವರ್ತ್ ಇಂಗ್ಲೆಂಡಿನಲ್ಲಿ ನುಣ್ಣನೆಯ ಪುಡಿಗಳು ಕೀಟವನ್ನು ಹೀಗೆ ಒಣಗಿಸುವುದನ್ನು ತೋರಿಸಿಕೊಟ್ಟರು. ನಮ್ಮ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಆ ದಶಕದಲ್ಲೇ ಸಂಸ್ಕರಿಸಿದ ಜೇಡಿಮಣ್ಣಿನಿಂದ ದಾಸ್ತಾನಿನ ಹುಳವನ್ನು ಕೊಲ್ಲುವ ಸಂಶೋಧನೆ ನಡೆಸಿತು. ಇನ್ನು ತೊಗರಿಯನ್ನು ಒಡೆದು ಬೇಳೆ ಮಾಡಿಡುವುದು. ಅದು ಅಡುಗೆಯ ಅನುಕೂಲಕ್ಕೆಂದು ನಾವು ಅಂದುಕೊಂಡಿದ್ದೇವೆ. ಆದರೆ ಇಡಿ ಕಾಳಿನಲ್ಲಿ ಬೆಳೆಯುವಂತೆ ಒಡೆದ ಬೇಳೆಯಲ್ಲಿ ಆ ದುಂಬಿ ಬೆಳೆಯುವುದಿಲ್ಲ ಎನ್ನುವುದನ್ನೂ ಅದರ ಜೊತೆಗೆ ಇಡು.

ವಿದ್ಯಾರ್ಥಿನಿ: ಕರಾವಳಿಯ ಗತಿ? ಅಲ್ಲಿ ಗುಂಡಿ ತೋಡಿದರೆ ನೀರೇ ಬರುತ್ತದೆ.

ಮೇಷ್ಟ್ರು: ಅಲ್ಲಿ ಹಗೇವು ಸಾಧ್ಯವೇ ಇಲ್ಲ, ಆದ್ದರಿಂದ ಕಾವಲನ್ನು ಕಾಳಿನ ತೊಗಟೆಗೇ ಒಪ್ಪಿಸಿದರು. ಭತ್ತವನ್ನು ಭತ್ತವಾಗಿಯೇ ಪತ್ತಾಯದಲ್ಲಿ, ಮಲೆನಾಡಿನಲ್ಲಿ ಪಣತದಲ್ಲಿ ಇಟ್ಟು, ಬೇಕಾದಷ್ಟೇ ಕುಟ್ಟಿಸಿಕೊಳ್ಳುತ್ತಿದ್ದರು. ಹೊಟ್ಟು ಬಿರಿಯದ ಭತ್ತದೊಳಕ್ಕೆ ಮೂತಿಹುಳಕ್ಕೆ ದಾರಿ ಸಿಗುವುದು ಕಷ್ಟ, ಅಕ್ಕಿಯಾದ ಮೇಲೆ ಅಡ್ಡಿಯೇ ಇಲ್ಲ. ಕುಚ್ಚಲಕ್ಕಿ ಮಾಡುವಾಗ ಭತ್ತ ಬೇಯುವುದರಿಂದ ಒಳಗಿದ್ದ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಆ ಅಕ್ಕಿಯನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಹಗ್ಗದಿಂದ ಬಿಗಿದು, ಕಲ್ಲಿನಂತೆ ಗಟ್ಟಿಯಾಗುವ ಹಾಗೆ ಮುಡಿ ಕಟ್ಟುತ್ತಿದ್ದರು. ಮುಡಿ ಗಾಳಿಯನ್ನು ಪೂರ್ತಿ ತಡೆಯಲಾರದು, ಹಗೇವಿನ ಸಮಕ್ಕೆ ಅದನ್ನು ನಿಲ್ಲಿಸಲು ನಾನು ಹೋಗುವುದಿಲ್ಲ. ಬಿಗಿತವೂ ಒಂದು ರಕ್ಷಣೆ, ಅಷ್ಟೇ: ಸಡಿಲ ಕಾಳಿನಲ್ಲಿ ಓಡಾಡುವಷ್ಟು ಸುಲಭವಾಗಿ ಹುಳ ಬಿಗಿದ ಕಾಳಿನಲ್ಲಿ ಓಡಾಡದು.

ವಿದ್ಯಾರ್ಥಿನಿ: ಇಷ್ಟೆಲ್ಲ ಕೇಳಿದ ಮೇಲೂ ಒಂದು ಪ್ರಶ್ನೆ ಗಂಟಲಲ್ಲಿ ನಿಂತಿದೆ ಮೇಷ್ಟ್ರೆ. 1876ರಿಂದ 78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಜನ ಹಸಿವಿನಿಂದ ಸತ್ತರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಹಗೇವು ಅಷ್ಟು ಸಮರ್ಥವಾಗಿದ್ದರೆ ಆ ಜನ ಯಾಕೆ ಸಾಯಬೇಕಿತ್ತು? ಕಾಳು ಉಳಿಸುವ ವಿದ್ಯೆ ಪ್ರಾಣ ಉಳಿಸಲಿಲ್ಲ ಎಂದಮೇಲೆ ಅದನ್ನು ವಿದ್ಯೆ ಎಂದು ಹೇಗೆ ಹೇಳುವುದು?

ಮೇಷ್ಟ್ರು: ಈ ಪ್ರಶ್ನೆಯನ್ನು ಕೇಳದೆ ಹಗೇವಿನ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಗೇವು ತನ್ನೊಳಗೆ ಹಾಕಿದ್ದನ್ನು ಉಳಿಸುತ್ತದೆ; ಹಾಕದೆ ಇದ್ದುದನ್ನು ಕೊಡುವುದಿಲ್ಲ. ಒಂದರ ಹಿಂದೆ ಒಂದು ಮಳೆ ಕೈಕೊಟ್ಟಾಗ ತುಂಬಲು ಬೆಳೆಯೇ ಇರಲಿಲ್ಲ. ಅದಕ್ಕಿಂತ ದೊಡ್ಡ ಮಾತು, ಹಗೇವು ಯಾರದ್ದಾಗಿತ್ತು ಎನ್ನುವುದು. ಬಂಡಿಗಟ್ಟಲೆ ಕಾಳು ಮಿಗುವ ಮನೆಗೆ ಮಾತ್ರ ಗುಂಡಿ ಬೇಕು. ದಿನದ ಕೂಲಿಯನ್ನು ಸೇರಿನಲ್ಲಿ ಅಳೆಸಿಕೊಂಡು ಬರುವ ಮನೆಗೆ ಅದು ಬೇಕಾಗಿಯೂ ಇರಲಿಲ್ಲ, ಎಟುಕುವಂತೆಯೂ ಇರಲಿಲ್ಲ. ಬೆಲೆ ಏರಿದಾಗ ಮುಚ್ಚಿದ ಚಪ್ಪಡಿ ಎಲ್ಲರಿಗೂ ತೆರೆಯುತ್ತಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಅಧ್ಯಕ್ಷನಿಗೆ ಹೇಳಿದ ನಿಯಮವಿದೆ: ಸಂಗ್ರಹದ ಅರ್ಧವನ್ನು ಜನರ ಆಪತ್ಕಾಲಕ್ಕೆ ಇಡಬೇಕು, ಅರ್ಧವನ್ನು ಬಳಸಬೇಕು, ಹೊಸತು ಬಂದಾಗ ಹಳೆಯದನ್ನು ತೆಗೆದು ಹೊಸತನ್ನು ಇಡಬೇಕು. ಉಳಿಸುವ ವಿದ್ಯೆ ಇದ್ದೂ, ಹೀಗೆ ಎಲ್ಲರಿಗಾಗಿ ಇಡುವ ಏರ್ಪಾಡು ಇಲ್ಲದೆ ಹೋದದ್ದು ರಾಜ್ಯದ ತಪ್ಪು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಲಕ್ಷಾಂತರ ಸಾವಿನ ಹೊಣೆಯನ್ನು ಹುಳದ ಮೇಲೆ ಹಾಕಲಾಗದು, ಹಗೇವು ತೋಡಿದವನ ಅಜ್ಞಾನದ ಮೇಲೂ ಹಾಕಲಾಗದು.

ವಿದ್ಯಾರ್ಥಿನಿ: ಒಪ್ಪುತ್ತೇನೆ. ಆದರೂ ಇದು ಇತಿಹಾಸವಾಯಿತು. ಇವತ್ತಿನ ಗೋದಾಮಿಗೆ ಹಗೇವು ಏನು ಹೇಳೀತು? ಲಕ್ಷಾಂತರ ಚೀಲಗಳನ್ನು ನೆಲದಲ್ಲಿ ಹೂಳಲಾಗದು. ನಮ್ಮ ಬಳಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇದೆ. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಕಾಳಿನೊಳಗಿನ ಮರಿಯನ್ನೂ ಬಿಡುವುದಿಲ್ಲ.

ಮೇಷ್ಟ್ರು: ಆ ಗುಳಿಗೆಗೂ ಮೊದಲು ಬೇಕಾದದ್ದು ಏನು? ಗಾಳಿ ಸೋರದ ಹೊದಿಕೆ. ಹೊದಿಕೆಯಲ್ಲಿ ಸಂದಿ ಇದ್ದರೆ ಅನಿಲ ಸೋರಿ ತೆಳುವಾಗುತ್ತದೆ, ಸಾಯಬೇಕಾದ ಹುಳಗಳಲ್ಲಿ ಗಟ್ಟಿಯಾದವು ಉಳಿದು ಮರಿ ಮಾಡುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1972–73ರಲ್ಲಿ ಜಗತ್ತಿನಾದ್ಯಂತ ನಡೆಸಿದ ಸಮೀಕ್ಷೆಯಲ್ಲೇ ಫಾಸ್ಫೀನಿಗೆ ಬಗ್ಗದ ಹುಳಗಳು ಕಂಡುಬಂದಿದ್ದವು. ಇವತ್ತು ಅವು ನಮ್ಮ ದೇಶದಲ್ಲೂ ಇವೆ. ಮುಚ್ಚುವುದರಲ್ಲಿ ಸೋತವರು ವಿಷದಲ್ಲಿ ಗೆಲ್ಲಲಾಗುತ್ತಿಲ್ಲ. ಇದರ ಎದುರಿಗೆ ಇನ್ನೊಂದನ್ನು ಇಡು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನಿನ ರೈತರ ಅಲಸಂದೆಯನ್ನು ದುಂಬಿಯಿಂದ ಉಳಿಸಲು ಹೊರಟು ರೂಪಿಸಿದ ಚೀಲದಲ್ಲಿ ಯಾವ ಔಷಧಿಯೂ ಇಲ್ಲ. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ಒಂದು ನೇಯ್ದ ಚೀಲ, ಬಾಯನ್ನು ತಿರುಚಿ ಕಟ್ಟಬೇಕು. ಒಳಗಿನ ದುಂಬಿಗಳು ಗಾಳಿಯನ್ನು ತಾವೇ ಮುಗಿಸಿ ನಿಂತುಹೋಗುತ್ತವೆ. ಹಗೇವಿನ ತತ್ವ ಅದೇ. ಗೋಡೆ ಬದಲಾಗಿದೆ, ತೇವ ಒಳಗೆ ಬಾರದಿರುವುದರಿಂದ ಹಗೇವಿನ ದೊಡ್ಡ ದೋಷವೂ ಹೋಗಿದೆ, ಐವತ್ತು ನೂರು ಕಿಲೋ ಮಾತ್ರ ಇರುವ ಮನೆಗೂ ಎಟುಕುತ್ತದೆ.

ವಿದ್ಯಾರ್ಥಿನಿ: ಹಾಗಾದರೆ ಸೊಪ್ಪನ್ನು ಪೂರ್ತಿ ಬಿಟ್ಟುಬಿಡೋಣವೇ? ಮುಚ್ಚಿದರೆ ಸೊಪ್ಪು ಬೇಡ, ಮುಚ್ಚದಿದ್ದರೆ ಸೊಪ್ಪು ಸಾಲದು. ಎರಡು ಕಡೆಯೂ ಅದಕ್ಕೆ ಜಾಗ ಉಳಿಯಲಿಲ್ಲ.

ಮೇಷ್ಟ್ರು: ಸದ್ಯಕ್ಕೆ ಒಪ್ಪುತ್ತೇನೆ ಎಂದಿದ್ದೆನಲ್ಲ, ಈಗ ಅಲ್ಲಿಗೆ ಬರೋಣ. ದಿನವೂ ಕೈಹಾಕಬೇಕಾದ ಪಾತ್ರೆಯೊಂದಿದೆ: ಅಡುಗೆಮನೆಯ ಮಡಕೆ, ಗುಡಾಣ. ಅದನ್ನು ಮುಚ್ಚಿಟ್ಟರೆ ಊಟ ಇಲ್ಲ, ತೆರೆದರೆ ಗಾಳಿ. ಹಗೇವಿಲ್ಲದ ಮನೆಯ ದಾಸ್ತಾನೆಲ್ಲ ಅಂಥ ಮಡಕೆಗಳಲ್ಲೇ ಇರುತ್ತಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಹೆಂಗಸರು. ಆಗಾಗ ಬಿಸಿಲಿಗೆ ಹರವುವುದು, ಕೇರುವುದು, ಜರಡಿ ಹಿಡಿಯುವುದು, ಮಡಕೆಯನ್ನು ಬೆಂಕಿಗೆ ತೋರಿಸಿ ಒಣಗಿಸುವುದು, ಮತ್ತೆ ತುಂಬಿ ಸೊಪ್ಪು ಹಾಕುವುದು, ಇವೆಲ್ಲ ಒಂದೇ ಕೆಲಸದ ಭಾಗಗಳು. ಆ ಮಡಕೆಯ ಕಾಳು ಒಂದೆರಡು ತಿಂಗಳಲ್ಲಿ ಖಾಲಿಯಾಗುವಂಥದ್ದು. ಹುಳಕ್ಕೆ ಒಂದು ತಲೆಮಾರಿಗೆ ಒಂದು ತಿಂಗಳು ಬೇಕು ಎಂದು ನೀನೇ ಹೇಳಿದೆ. ಹಾಗಿರುವಾಗ ಸೊಪ್ಪು ಹುಳವನ್ನು ಕೊಲ್ಲಬೇಕಾಗಿಯೇ ಇಲ್ಲ. ಮೊಟ್ಟೆಯಿಡುವುದನ್ನು ಹದಿನೈದು ದಿನ ಮುಂದೂಡಿದರೆ ಎರಡನೆಯ ತಲೆಮಾರು ಹೊರಬರುವಷ್ಟರಲ್ಲಿ ಮಡಕೆಯ ತಳ ಕಾಣುತ್ತದೆ.

ವಿದ್ಯಾರ್ಥಿನಿ: ನಮ್ಮ ಪ್ರಯೋಗಗಳಲ್ಲಿ ಎಲೆ ಬೆರೆಸಿದ ಕಾಳನ್ನು ಆರು ತಿಂಗಳು ಅಲುಗಾಡಿಸದೆ ಇಟ್ಟು, ಕೊನೆಯಲ್ಲಿ ಹುಳ ಎಣಿಸಿ, ಎಲೆಗೆ ಶಕ್ತಿಯಿಲ್ಲ ಎಂದು ಬರೆಯುತ್ತೇವೆ. ಎಲೆಯನ್ನು ಹಾಕಿದವರು ಆರು ತಿಂಗಳಿಗೆಂದು ಹಾಕಿರಲೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಕಾಳನ್ನು ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಒಂದಿಷ್ಟು ಊಟಕ್ಕೆ ತೆಗೆದು, ಹೊಸ ಸೊಪ್ಪು ಹಾಕುತ್ತಾ 60ನೆಯ ದಿನಕ್ಕೆ ಎಣಿಸಬೇಕು. ಪಕ್ಕದಲ್ಲಿ ಸೊಪ್ಪಿಲ್ಲದೆ ಉಳಿದದ್ದೆಲ್ಲ ಮಾಡಿದ ಮಡಕೆ, ಬಿಸಿಲಿಲ್ಲದೆ ಸೊಪ್ಪು ಮಾತ್ರ ಹಾಕಿದ ಮಡಕೆ ಎರಡೂ ಇರಬೇಕು.

ಮೇಷ್ಟ್ರು: ರಾಗಿಯಲ್ಲಿ ಮಾಡಬೇಡ, ಜೋಳದಲ್ಲಿ ಮಾಡು. ರಾಗಿಯಲ್ಲಿ ಮಾಡಿದರೆ ಯಾವ ಮಡಕೆಯೂ ನಿನಗೆ ಏನನ್ನೂ ಹೇಳುವುದಿಲ್ಲ.